ಸಾಸೇಜ್ ವಿಷದಿಂದ ಸುಕ್ಕಿನ ಇಂಜೆಕ್ಷನ್‌ವರೆಗೆ: ವೈದ್ಯ ಯುಸ್ಟಿನಸ್ ಕೆರ್ನರ್ ಬದುಕಿನಿಂದ ನೀವು ತಿಳಿಯಬೇಕಾದದ್ದು

ಹುಬ್ಬುಗಳ ನಡುವೆ ಎರಡು ಉದ್ದ ಗೆರೆ, ನಕ್ಕಾಗ ಕಣ್ಣಂಚಿನಲ್ಲಿ ನೆರಿಗೆ, ಹಣೆಯ ಮೇಲೆ ಅಡ್ಡಸಾಲು. ವಯಸ್ಸಾದಂತೆ ಎಲ್ಲರ ಮುಖದಲ್ಲೂ ಇವು ಮೂಡುತ್ತವೆ. ಶಸ್ತ್ರಚಿಕಿತ್ಸೆ ಇಲ್ಲದೆ ಇವನ್ನು ಮಸುಕಾಗಿಸಲು ಇಂದು ಬಹಳ ಬಳಕೆಯಲ್ಲಿರುವ ಚಿಕಿತ್ಸೆ ಬೊಟುಲಿನಮ್ ಟಾಕ್ಸಿನ್ ಇಂಜೆಕ್ಷನ್. ಒಂದು ಬ್ರ್ಯಾಂಡ್‌ನ ಹೆಸರೇ ರೂಢಿಯಾಗಿ ಜನ ಅದನ್ನು ಬೊಟಾಕ್ಸ್ ಎನ್ನುತ್ತಾರೆ.

ನೀವು ಈ ಇಂಜೆಕ್ಷನ್ ಬಗ್ಗೆ ಯೋಚಿಸುತ್ತಿರಬಹುದು, ಅಥವಾ ನಿಮ್ಮ ಮನೆಯವರೊಬ್ಬರು ಈಗಾಗಲೇ ತೆಗೆದುಕೊಂಡಿರಬಹುದು. ಹಾಗಿದ್ದರೆ ಸುಮಾರು 200 ವರ್ಷಗಳ ಹಿಂದೆ ಜರ್ಮನಿಯ ಸಣ್ಣ ಊರುಗಳಲ್ಲಿ ಕೆಲಸ ಮಾಡಿದ ಒಬ್ಬ ವೈದ್ಯರ ಕಥೆ ನಿಮಗೆ ಉಪಯೋಗಕ್ಕೆ ಬರುತ್ತದೆ. ಅವರು ಯುಸ್ಟಿನಸ್ ಕೆರ್ನರ್. ಸುಕ್ಕು ತೆಗೆಯುವ ಯೋಚನೆ ಅವರಿಗೆ ಇರಲಿಲ್ಲ. ಆದರೆ ಈ ವಸ್ತು ಮನುಷ್ಯನ ದೇಹದಲ್ಲಿ ಏನು ಮಾಡುತ್ತದೆ ಎಂಬುದನ್ನು ಮೊದಲ ಬಾರಿಗೆ ವಿವರವಾಗಿ ಬರೆದಿಟ್ಟವರು ಅವರೇ. ಅವರು ಬರೆದ ಲಕ್ಷಣಗಳ ಪಟ್ಟಿಯನ್ನು ಇಂಜೆಕ್ಷನ್ ತೆಗೆದುಕೊಳ್ಳುವ ಪ್ರತಿಯೊಬ್ಬರೂ ಇಂದಿಗೂ ನೆನಪಿಟ್ಟುಕೊಳ್ಳಬೇಕು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕೆರ್ನರ್ ಹುಟ್ಟಿದ್ದು 1786ರ ಸೆಪ್ಟೆಂಬರ್ 18ರಂದು, ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಲುಡ್ವಿಗ್ಸ್‌ಬರ್ಗ್ ಪಟ್ಟಣದಲ್ಲಿ. ತಂದೆ ಸರ್ಕಾರಿ ಅಧಿಕಾರಿ. ಹದಿಮೂರು ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ಮನೆಯಲ್ಲಿ ಹಣದ ಮುಗ್ಗಟ್ಟು. ಹುಡುಗನನ್ನು ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಹಾಕಿದರು. ಅಲ್ಲಿ ಅವರಿಗೆ ಮನಸ್ಸು ನಿಲ್ಲಲಿಲ್ಲ. 1804ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯಕ್ಕೆ ಸೇರಿ ವೈದ್ಯಕೀಯ ಓದಲು ತೊಡಗಿದರು.

ಓದುತ್ತಿದ್ದಾಗಲೇ ಅವರಿಗೆ ಒಂದು ಮುಖ್ಯ ಕೆಲಸ ಸಿಕ್ಕಿತು. ಜರ್ಮನ್ ಭಾಷೆಯ ದೊಡ್ಡ ಕವಿ ಹೋಲ್ಡರ್ಲಿನ್ ಮಾನಸಿಕ ಕಾಯಿಲೆಯಿಂದ 1806ರಲ್ಲಿ ಟ್ಯೂಬಿಂಗನ್‌ನ ಆಸ್ಪತ್ರೆಗೆ ದಾಖಲಾಗಿದ್ದರು. ಅವರನ್ನು ನೋಡಿಕೊಂಡು ದಿನದಿನದ ಸ್ಥಿತಿಯನ್ನು ಬರೆದಿಡುವ ಹೊಣೆ ವಿದ್ಯಾರ್ಥಿ ಕೆರ್ನರ್ ಪಾಲಿಗೆ ಬಂತು. ಕಂಡದ್ದನ್ನು ಕಂಡಂತೆ ಬರೆಯುವ ಅಭ್ಯಾಸ ಅವರ ಮುಂದಿನ ಕೆಲಸಕ್ಕೆಲ್ಲ ಅಡಿಪಾಯವಾಯಿತು.

1808ರಲ್ಲಿ ಅವರು ವೈದ್ಯರಾದರು. ಜೊತೆಜೊತೆಗೆ ಕವಿಯೂ ಆದರು. ಲುಡ್ವಿಗ್ ಉಲಾಂಡ್ ಮೊದಲಾದ ಗೆಳೆಯರೊಂದಿಗೆ ಸೇರಿ ಅವರು ಬರೆದ ಪದ್ಯಗಳು ಜರ್ಮನಿಯಲ್ಲಿ ಮನೆಮಾತಾದವು. ಸಂಗೀತಗಾರ ಶೂಮನ್ 1840ರಲ್ಲಿ ಅವರ ಹನ್ನೆರಡು ಕವಿತೆಗಳಿಗೆ ರಾಗ ಹಾಕಿದ್ದಾರೆ. ಜರ್ಮನಿಯಲ್ಲಿ ಇಂದಿಗೂ ಅನೇಕರಿಗೆ ಅವರು ಮೊದಲು ಕವಿ, ಆಮೇಲೆ ವೈದ್ಯ.

ಊಟ ಮಾಡಿದವರು ಸಾಯತೊಡಗಿದಾಗ

ಕೆರ್ನರ್ ವೈದ್ಯವೃತ್ತಿ ಶುರುಮಾಡಿದ ಕಾಲ ನೆಮ್ಮದಿಯದ್ದಲ್ಲ. ನೆಪೋಲಿಯನ್ ಕಾಲದ ಯುದ್ಧಗಳಿಂದ ಹಳ್ಳಿಗಳು ಬಡವಾಗಿದ್ದವು. ಹಂದಿ ಕಡಿದಾಗ ಅದರ ರಕ್ತ, ಈಲಿ, ಕೊಬ್ಬು ಯಾವುದನ್ನೂ ಜನ ಬಿಸಾಡುತ್ತಿರಲಿಲ್ಲ. ಎಲ್ಲವನ್ನೂ ಹಂದಿಯ ಕರುಳು ಅಥವಾ ಜಠರದೊಳಗೆ ತುಂಬಿ, ಬೇಯಿಸಿ, ಹೊಗೆಯಲ್ಲಿ ಒಣಗಿಸಿ ಸಾಸೇಜ್ ಮಾಡಿ ವಾರಗಟ್ಟಲೆ ಇಟ್ಟುಕೊಂಡು ತಿನ್ನುತ್ತಿದ್ದರು. ಬೇಯಿಸುವುದರಲ್ಲಿ, ಶುಚಿಯಲ್ಲಿ ಕೊರತೆಯಾದರೆ ಅದೇ ಸಾಸೇಜ್ ಪ್ರಾಣ ತೆಗೆಯುತ್ತಿತ್ತು. 1793ರಲ್ಲಿ ವಿಲ್ಡ್‌ಬಾಡ್ ಎಂಬ ಊರಿನಲ್ಲಿ ಹೀಗೆ 13 ಮಂದಿ ಹಾಸಿಗೆ ಹಿಡಿದು, 6 ಮಂದಿ ಸತ್ತಿದ್ದರು.

ಕೆರ್ನರ್ ಅದೇ ವಿಲ್ಡ್‌ಬಾಡ್‌ನಲ್ಲಿ, ನಂತರ ವೆಲ್ಟ್ಸ್‌ಹೈಮ್‌ನಲ್ಲಿ, 1815ರಿಂದ ಗೈಲ್ಡಾರ್ಫ್‌ನಲ್ಲಿ ಕೆಲಸ ಮಾಡಿದರು. 1813ರಲ್ಲಿ ಫ್ರೀಡರಿಕೆ ಎಂಬವರನ್ನು ಮದುವೆಯಾದರು. 1819ರಲ್ಲಿ ವೈನ್ಸ್‌ಬರ್ಗ್ ಊರಿಗೆ ಸರ್ಕಾರಿ ವೈದ್ಯರಾಗಿ ಬಂದು, ಕೊನೆಯವರೆಗೂ ಅಲ್ಲೇ ನೆಲೆಸಿದರು.

ಸಾಸೇಜ್ ತಿಂದು ಕಾಯಿಲೆಬಿದ್ದವರ ಮನೆಗಳಿಗೆ ಹೋದಾಗ ಅವರು ಕಂಡದ್ದು ಸಾಮಾನ್ಯ ವಾಂತಿಭೇದಿಯಲ್ಲ. ಮೊದಲು ಹೊಟ್ಟೆನೋವು, ವಾಂತಿ. ಆಮೇಲೆ ಬಾಯಿ, ಗಂಟಲು ಒಣಗುತ್ತಿತ್ತು. ಕಣ್ಣು ಮಂಜಾಗಿ ಒಂದು ವಸ್ತು ಎರಡಾಗಿ ಕಾಣುತ್ತಿತ್ತು. ಕಣ್ಣಿನ ಪಾಪೆ ಅಗಲವಾಗುತ್ತಿತ್ತು. ರೆಪ್ಪೆಗಳು ಜೋತುಬೀಳುತ್ತಿದ್ದವು. ದನಿ ಕುಗ್ಗಿ, ನೀರು ನುಂಗುವುದೂ ಕಷ್ಟವಾಗುತ್ತಿತ್ತು. ಕೈಕಾಲಿನ ಬಲ ಇಳಿಯುತ್ತಿತ್ತು. ಕೊನೆಗೆ ಉಸಿರಾಟವೇ ನಿಲ್ಲುತ್ತಿತ್ತು. ಇಷ್ಟೆಲ್ಲ ಆದರೂ ರೋಗಿಯ ಬುದ್ಧಿ ಮಾತ್ರ ಕೊನೆಯವರೆಗೆ ಸ್ವಚ್ಛವಾಗಿರುತ್ತಿತ್ತು. ಸುತ್ತ ನಡೆಯುವುದೆಲ್ಲ ತಿಳಿಯುತ್ತಿತ್ತು, ಹೇಳಲು ಆಗುತ್ತಿರಲಿಲ್ಲ.

1817ರಲ್ಲಿ ಅವರು ಈ ಬಗ್ಗೆ ಮೊದಲ ಬರಹ ಪ್ರಕಟಿಸಿದರು. 1820ರಲ್ಲಿ 76 ರೋಗಿಗಳ ವಿವರವಿರುವ ಪುಸ್ತಕ ಬಂತು. 1822ರಲ್ಲಿ ಬಂದ ಇನ್ನೊಂದು ಪುಸ್ತಕದಲ್ಲಿ 155 ಮಂದಿಯ ವಿವರ ಇತ್ತು. ಯಾರು ಏನು ತಿಂದರು, ಯಾವ ಲಕ್ಷಣ ಮೊದಲು ಬಂತು, ಯಾವುದು ಆಮೇಲೆ, ಯಾರು ಉಳಿದರು ಎಂಬುದನ್ನೆಲ್ಲ ಅವರು ಕೂಡಿಹಾಕಿದರು. ಸೂಕ್ಷ್ಮಾಣುಗಳಿಂದ ರೋಗ ಬರುತ್ತದೆ ಎಂಬುದು ಇನ್ನೂ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಮಾಡಿದ ಕೆಲಸ ಇದು.

ತಮ್ಮ ನಾಲಿಗೆಯ ಮೇಲೆಯೇ ಪರೀಕ್ಷೆ

ಕೆಟ್ಟ ಸಾಸೇಜ್‌ನಿಂದ ಸಾರ ತೆಗೆದು ಅವರು ಬೆಕ್ಕು, ಮೊಲ, ಹಕ್ಕಿ, ಕಪ್ಪೆಗಳ ಮೇಲೆ ಪ್ರಯೋಗ ಮಾಡಿದರು. ಅಷ್ಟಕ್ಕೇ ನಿಲ್ಲದೆ ಕೆಲವು ಹನಿಗಳನ್ನು ತಮ್ಮ ನಾಲಿಗೆಯ ಮೇಲೂ ಹಾಕಿಕೊಂಡರು. ಬಾಯಿ ಮತ್ತು ಗಂಟಲು ವಿಪರೀತ ಒಣಗಿದ್ದನ್ನು ದಾಖಲಿಸಿದರು. ಇದು ಯಾರೂ ಅನುಕರಿಸಬಾರದ ಸಾಹಸ. ಸ್ವಲ್ಪ ಹೆಚ್ಚಾಗಿದ್ದರೂ ಅವರು ಉಳಿಯುತ್ತಿರಲಿಲ್ಲ.

ಈ ಕೆಲಸದಿಂದ ಅವರು ಕೆಲವು ಮುಖ್ಯ ತೀರ್ಮಾನಗಳಿಗೆ ಬಂದರು. ಗಾಳಿಯಾಡದ ಜಾಗದಲ್ಲಿ, ಕೆಡುತ್ತಿರುವ ಸಾಸೇಜ್‌ನ ಒಳಗೆ ಈ ವಿಷ ಹುಟ್ಟುತ್ತದೆ. ಅತಿ ಕಡಿಮೆ ಪ್ರಮಾಣದಲ್ಲೂ ಇದು ಕೊಲ್ಲುತ್ತದೆ. ಸ್ನಾಯುಗಳಿಗೆ, ಜೊಲ್ಲು ಮತ್ತು ಬೆವರಿನ ಗ್ರಂಥಿಗಳಿಗೆ ನರಗಳಿಂದ ಹೋಗುವ ಸಂದೇಶವನ್ನು ಇದು ತಡೆಯುತ್ತದೆ.

ನಂತರ ಅವರು ಮುಂದಿನ ಶತಮಾನಕ್ಕೆ ಸೇರಿದಂಥ ಒಂದು ಯೋಚನೆಗೆ ಕೈಹಾಕಿದರು. ಈ ವಿಷ ನರದ ಅತಿಯಾದ ಚಟುವಟಿಕೆಯನ್ನು ತಗ್ಗಿಸುತ್ತದೆ ಎನ್ನುವುದಾದರೆ, ಬಹಳ ಸಣ್ಣ ಪ್ರಮಾಣದಲ್ಲಿ ಕೊಟ್ಟು ಕೈಕಾಲು ತಾವಾಗಿಯೇ ಕುಣಿಯುವ ಕಾಯಿಲೆಗೆ ಅಥವಾ ಅತಿಯಾಗಿ ಬೆವರುವವರಿಗೆ ಔಷಧಿಯಾಗಿ ಬಳಸಬಹುದಲ್ಲವೇ ಎಂದು 1822ರ ಪುಸ್ತಕದಲ್ಲಿ ಚರ್ಚಿಸಿದರು. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ನಿಮಗೆ ಗೊತ್ತು. ಕೆರ್ನರ್ ಅದನ್ನು ತಿರುಗಿಸಿ ನೋಡಿದರು. ಅಳತೆ ಮೀರದಿದ್ದರೆ ವಿಷವೂ ಔಷಧಿಯಾಗಬಹುದು.

ಅವರ ಎಲ್ಲ ಮಾತೂ ಸರಿಯಾಗಿರಲಿಲ್ಲ

ಕೆರ್ನರ್ ಈ ವಿಷವನ್ನು ಕೊಬ್ಬಿನಿಂದ ಹುಟ್ಟುವ ಒಂದು ಆಮ್ಲ ಎಂದು ತಿಳಿದಿದ್ದರು. ಅದು ತಪ್ಪು. ಇನ್ನೂ ದೊಡ್ಡ ವಿಷಯ ಬೇರೆಯೇ ಇದೆ. 1826ರಲ್ಲಿ ಫ್ರೀಡರಿಕೆ ಹೌಫೆ ಎಂಬ ಕಾಯಿಲೆಯ ಹೆಂಗಸು ಚಿಕಿತ್ಸೆಗೆ ಅವರ ಬಳಿ ಬಂದರು. ಆಕೆ ತನಗೆ ಪ್ರೇತಗಳು ಕಾಣುತ್ತವೆ ಎನ್ನುತ್ತಿದ್ದರು. ಕೆರ್ನರ್ ಅದನ್ನು ನಂಬಿದರು. ಆಕೆಯ ಬಗ್ಗೆ 1829ರಲ್ಲಿ ಅವರು ಬರೆದ ಪುಸ್ತಕ ಅವರ ವೈದ್ಯಕೀಯ ಪುಸ್ತಕಗಳಿಗಿಂತ ಎಷ್ಟೋ ಹೆಚ್ಚು ಹೆಸರು ಮಾಡಿತು. ಆಕೆ ಅದೇ ವರ್ಷ ತೀರಿಕೊಂಡರು.

ಒಂದೇ ಮನುಷ್ಯ ಒಂದು ವಿಷಯದಲ್ಲಿ ಅಷ್ಟು ಎಚ್ಚರದಿಂದ ಇದ್ದು, ಇನ್ನೊಂದರಲ್ಲಿ ಕೇಳಿದ್ದನ್ನೆಲ್ಲ ನಂಬಿದರು. ಇದರಿಂದ ನೀವು ತಿಳಿಯಬೇಕಾದದ್ದಿಷ್ಟು: ವೈದ್ಯರ ಹೆಸರು ದೊಡ್ಡದು, ಹಿಂಬಾಲಕರು ಹೆಚ್ಚು ಎಂಬ ಮಾತ್ರಕ್ಕೆ ಅವರು ಹೇಳುವ ಪ್ರತಿಯೊಂದು ಚಿಕಿತ್ಸೆಯೂ ಸರಿ ಎಂದಲ್ಲ. ಈ ಚಿಕಿತ್ಸೆಗೆ ಆಧಾರ ಏನು, ನನ್ನ ವಿಷಯದಲ್ಲಿ ಎಷ್ಟು ಉಪಯೋಗ, ಏನು ಅಪಾಯ ಎಂದು ಕೇಳುವುದು ಅಗೌರವವಲ್ಲ.

ಕೊನೆಯ ವರ್ಷಗಳು

ವಯಸ್ಸಾದಂತೆ ಕೆರ್ನರ್ ಅವರ ಕಣ್ಣಿಗೆ ಪೊರೆ ಬಂತು. ದೃಷ್ಟಿ ಕುಂದಿದ್ದರಿಂದ 1851ರಲ್ಲಿ ಸರ್ಕಾರಿ ವೈದ್ಯರ ಕೆಲಸ ಬಿಟ್ಟರು. 1854ರಲ್ಲಿ ಹೆಂಡತಿ ತೀರಿಕೊಂಡರು. ಬರೆಯುವಾಗ ಕಾಗದದ ಮೇಲೆ ಬೀಳುತ್ತಿದ್ದ ಶಾಯಿಯ ಹನಿಗಳನ್ನು ಮಡಿಸಿ ಚಿತ್ರಗಳಾಗಿಸುವುದು ಅವರ ಇಳಿವಯಸ್ಸಿನ ಹವ್ಯಾಸವಾಯಿತು. 1862ರ ಫೆಬ್ರವರಿ 21ರಂದು ವೈನ್ಸ್‌ಬರ್ಗ್‌ನಲ್ಲಿ ಅವರು ಕೊನೆಯುಸಿರೆಳೆದರು. ಅವರು ಊಹಿಸಿದ ಔಷಧಿ ಬರಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಿತ್ತು.

ವಿಷ ಔಷಧಿಯಾದ ದಾರಿ

1895ರಲ್ಲಿ ಬೆಲ್ಜಿಯಂನ ಎಲ್ಲೆಜೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ಬಂದಿದ್ದ ವಾದ್ಯಗಾರರ ತಂಡ ಉಪ್ಪು ಹಾಕಿಟ್ಟಿದ್ದ ಹಂದಿಮಾಂಸ ತಿಂದು ಕಾಯಿಲೆಬಿತ್ತು. ಮೂವರು ಸತ್ತರು. ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಮಾಂಸದಲ್ಲಿ, ಸತ್ತವರ ದೇಹದಲ್ಲಿ ಒಂದು ಬ್ಯಾಕ್ಟೀರಿಯಾ ಇರುವುದನ್ನು ಪತ್ತೆಮಾಡಿದರು. ಗಾಳಿಯಿಲ್ಲದ ಕಡೆ ಬೆಳೆಯುವ ಈ ಬ್ಯಾಕ್ಟೀರಿಯಾ ಬಿಡುವ ವಿಷವೇ ಬೊಟುಲಿನಮ್ ಟಾಕ್ಸಿನ್. ಲ್ಯಾಟಿನ್ ಭಾಷೆಯಲ್ಲಿ ಬೊಟುಲಸ್ ಎಂದರೆ ಸಾಸೇಜ್. ಆ ಹೆಸರು ಉಳಿದುಕೊಂಡದ್ದು ಕೆರ್ನರ್ ಕಾಲದ ನೆನಪಾಗಿ.

1970ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಅಲನ್ ಸ್ಕಾಟ್ ಮೆಳ್ಳೆಗಣ್ಣಿಗೆ ಶಸ್ತ್ರಚಿಕಿತ್ಸೆ ಇಲ್ಲದೆ ಪರಿಹಾರ ಹುಡುಕುತ್ತಿದ್ದರು. ಶುದ್ಧೀಕರಿಸಿದ ಈ ಟಾಕ್ಸಿನ್ನನ್ನು ಅತಿ ಸಣ್ಣ ಪ್ರಮಾಣದಲ್ಲಿ ಕಣ್ಣಿನ ಸ್ನಾಯುವಿಗೆ ಚುಚ್ಚಿ ಯಶಸ್ವಿಯಾದರು. 1989ರಲ್ಲಿ ಅಮೆರಿಕದ ಔಷಧ ಇಲಾಖೆ ಮೆಳ್ಳೆಗಣ್ಣಿಗೆ ಮತ್ತು ರೆಪ್ಪೆ ಬಿಗಿದುಕೊಳ್ಳುವ ಕಾಯಿಲೆಗೆ ಇದನ್ನು ಒಪ್ಪಿತು.

ಕೆನಡಾದ ವ್ಯಾಂಕೂವರ್‌ನಲ್ಲಿ ಕಣ್ಣಿನ ವೈದ್ಯೆ ಜೀನ್ ಕರದರ್ಸ್ ಈ ಇಂಜೆಕ್ಷನ್ ಕೊಡುತ್ತಿದ್ದಾಗ, ರೋಗಿಯ ಹುಬ್ಬಿನ ನಡುವಿನ ಗೆರೆಗಳೂ ಮಾಯವಾಗುತ್ತಿರುವುದು ಗಮನಕ್ಕೆ ಬಂತು. ಅವರ ಪತಿ ಅಲಸ್ಟೇರ್ ಚರ್ಮರೋಗ ವೈದ್ಯರು. ಇಬ್ಬರೂ ಸೇರಿ 1992ರಲ್ಲಿ ಇದರ ಬಗ್ಗೆ ಲೇಖನ ಪ್ರಕಟಿಸಿದರು. ಹುಬ್ಬಿನ ನಡುವಿನ ಗೆರೆಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ.

ನಿಮ್ಮ ಮುಖದಲ್ಲಿ ಇದು ಏನು ಮಾಡುತ್ತದೆ?

ಹುಬ್ಬು ಗಂಟಿಕ್ಕಿದಾಗ, ನಕ್ಕಾಗ ಚರ್ಮದ ಕೆಳಗಿನ ಸ್ನಾಯು ಸಂಕುಚಿಸುತ್ತದೆ. ವರ್ಷಗಟ್ಟಲೆ ಹೀಗೆ ಮಡಿದ ಕಡೆ ಗೆರೆ ಉಳಿಯುತ್ತದೆ. ಸ್ನಾಯುವಿಗೆ ಸಂಕುಚಿಸು ಎಂದು ತಿಳಿಸುವ ರಾಸಾಯನಿಕ ನರದ ತುದಿಯಿಂದ ಹೊರಬರದಂತೆ ಟಾಕ್ಸಿನ್ ತಡೆಯುತ್ತದೆ. ಕೆರ್ನರ್ ಸಾಯುತ್ತಿರುವವರಲ್ಲಿ ಕಂಡ ಕ್ರಿಯೆಯೇ ಇದು. ಇಲ್ಲಿ ಅದು ಒಂದೆರಡು ಸಣ್ಣ ಸ್ನಾಯುಗಳಿಗೆ ಮಾತ್ರ ಸೀಮಿತವಾಗಿರುತ್ತದೆ.

• ಕೆಲವು ದಿನಗಳಲ್ಲಿ ಪರಿಣಾಮ ಶುರುವಾಗಿ, ಸುಮಾರು ಎರಡು ವಾರಕ್ಕೆ ಪೂರ್ತಿ ಕಾಣುತ್ತದೆ.
• ಸಾಮಾನ್ಯವಾಗಿ 3ರಿಂದ 4 ತಿಂಗಳು ಇರುತ್ತದೆ. ನಂತರ ನರದ ಕೆಲಸ ಮರಳುತ್ತದೆ, ಗೆರೆಗಳೂ ಮರಳುತ್ತವೆ. ಮುಂದುವರಿಸಬೇಕೆಂದರೆ ಮತ್ತೆ ಮತ್ತೆ ಖರ್ಚು ಮಾಡಬೇಕು.
• ಮುಖ ಆಡಿಸಿದಾಗ ಕಾಣುವ ಗೆರೆಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಸುಮ್ಮನಿದ್ದಾಗಲೂ ಕಾಣುವ ಆಳವಾದ ಗೆರೆ, ಇಳಿಬಿದ್ದ ಚರ್ಮ, ಬಿಸಿಲಿನ ಕಲೆಗಳಿಗೆ ಇದೊಂದೇ ಸಾಲದು.

ಒಳಸೇರಿದ ಕೆನ್ನೆ ತುಂಬಲು ಕೊಡುವ ಫಿಲ್ಲರ್ ಬೇರೆ ವಸ್ತು. ಅದು ಸ್ನಾಯುವನ್ನು ಸಡಿಲಿಸುವುದಿಲ್ಲ, ಜಾಗ ತುಂಬುತ್ತದೆ. ತಪ್ಪಿ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು. ಎರಡನ್ನೂ ಒಂದೇ ಎಂದು ತಿಳಿಯಬೇಡಿ. ಲೇಸರ್ ಮತ್ತು ಪೀಲಿಂಗ್ ಚಿಕಿತ್ಸೆಗಳಿಂದ ನಮ್ಮಂಥ ಕಂದು ಚರ್ಮದವರಲ್ಲಿ ಕಪ್ಪು ಕಲೆ ಉಳಿಯುವ ಸಾಧ್ಯತೆ ಹೆಚ್ಚು. ಅದನ್ನೂ ಮೊದಲೇ ಕೇಳಿ ತಿಳಿಯಿರಿ.

ಕೆರ್ನರ್ ಪಟ್ಟಿ ಮತ್ತೆ ಕಾಣಿಸಿಕೊಂಡಾಗ

2024ರಲ್ಲಿ ಅಮೆರಿಕದ 11 ರಾಜ್ಯಗಳಲ್ಲಿ 20ಕ್ಕೂ ಹೆಚ್ಚು ಮಂದಿ ನಕಲಿ ಅಥವಾ ಸರಿಯಾಗಿ ಬಳಸದ ಇಂಜೆಕ್ಷನ್‌ನಿಂದ ಕಾಯಿಲೆಬಿದ್ದರು. ಕೆಲವರು ಅನುಮತಿ ಇಲ್ಲದವರ ಕೈಯಲ್ಲಿ, ಕೆಲವರು ಮನೆಯಲ್ಲೇ ಚುಚ್ಚಿಸಿಕೊಂಡಿದ್ದರು. ಹಲವರು ಆಸ್ಪತ್ರೆ ಸೇರಬೇಕಾಯಿತು. ಅವರಲ್ಲಿ ಕಂಡದ್ದು ಮಂಜು ಕಣ್ಣು, ಜೋತುಬಿದ್ದ ರೆಪ್ಪೆ, ಒಣ ಬಾಯಿ, ನುಂಗಲು ಕಷ್ಟ, ತೊದಲು ಮಾತು. 1820ರ ಪುಸ್ತಕದಲ್ಲಿ ಕೆರ್ನರ್ ಬರೆದ ಲಕ್ಷಣಗಳೇ ಇವು.

ಆದ್ದರಿಂದ ಇಂಜೆಕ್ಷನ್‌ಗೆ ಮೊದಲು ಇಷ್ಟನ್ನು ಮಾಡಿ:

• ಕೊಡುವವರು ನೋಂದಾಯಿತ ವೈದ್ಯರೇ, ಮುಖದ ಸ್ನಾಯುಗಳ ಬಗ್ಗೆ ತರಬೇತಿ ಪಡೆದವರೇ ಎಂದು ಕೇಳಿ. ಬ್ಯೂಟಿ ಪಾರ್ಲರ್, ಮನೆ, ಕಿಟಿ ಪಾರ್ಟಿಗಳಲ್ಲಿ ಚುಚ್ಚಿಸಿಕೊಳ್ಳಬೇಡಿ.
• ಬಾಟಲಿಯನ್ನು ನಿಮ್ಮ ಮುಂದೆಯೇ ತೆರೆಯಲು ಹೇಳಿ. ಔಷಧಿಯ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಕೊಟ್ಟ ಯೂನಿಟ್‌ಗಳು ನಿಮ್ಮ ಚೀಟಿಯಲ್ಲಿ ಇರಲಿ. ಒಂದು ಬ್ರ್ಯಾಂಡ್‌ನ ಯೂನಿಟ್ ಇನ್ನೊಂದಕ್ಕೆ ಸಮವಲ್ಲ.
• ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಇದನ್ನು ಮುಂದೂಡುವುದು ಒಳ್ಳೆಯದು. ಮಯಸ್ತೇನಿಯಾ ಗ್ರೇವಿಸ್‌ನಂಥ ನರಸ್ನಾಯು ಕಾಯಿಲೆ ಇದ್ದರೆ, ನುಂಗಲು ಅಥವಾ ಉಸಿರಾಡಲು ಮೊದಲೇ ತೊಂದರೆ ಇದ್ದರೆ ತಪ್ಪದೆ ತಿಳಿಸಿ.
• ರಕ್ತ ತೆಳುವಾಗಿಸುವ ಮಾತ್ರೆ, ಜೆಂಟಾಮೈಸಿನ್‌ನಂಥ ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದರೆ ಹೇಳಿ. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.
• ಮೈಗ್ರೇನ್, ಮುಖದ ಸೆಳೆತ, ರೆಪ್ಪೆ ಬಿಗಿತಕ್ಕೆ ಈಗಾಗಲೇ ಇದೇ ಇಂಜೆಕ್ಷನ್ ಪಡೆಯುತ್ತಿದ್ದರೆ ಅದನ್ನೂ ಹೇಳಿ. ಒಟ್ಟು ಪ್ರಮಾಣ ಲೆಕ್ಕಕ್ಕೆ ಬರಬೇಕು.

ಚುಚ್ಚಿದ ಜಾಗದಲ್ಲಿ ಸ್ವಲ್ಪ ನೋವು, ಊತ, ನೀಲಿಗಟ್ಟುವುದು, ತಲೆನೋವು ಸಾಮಾನ್ಯ. ಒಂದು ಕಡೆಯ ರೆಪ್ಪೆ ಸ್ವಲ್ಪ ಇಳಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆದರೂ ವೈದ್ಯರಿಗೆ ತೋರಿಸಿ. ನುಂಗಲು, ಮಾತಾಡಲು, ಉಸಿರಾಡಲು ಕಷ್ಟವಾದರೆ, ಎರಡೆರಡು ಕಂಡರೆ, ಮೈಯೆಲ್ಲ ಬಲಹೀನವಾದರೆ ಕಾಯಬೇಡಿ. 112ಕ್ಕೆ ಕರೆಮಾಡಿ ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಂಜೆಕ್ಷನ್ ತೆಗೆದುಕೊಂಡದ್ದನ್ನು ಮೊದಲೇ ಹೇಳಿ. ಈ ಲಕ್ಷಣಗಳು ಕೆಲವು ಗಂಟೆಗಳಲ್ಲಿ ಬರಬಹುದು, ಕೆಲವು ವಾರಗಳ ನಂತರವೂ ಬರಬಹುದು. ಸರಿಯಾದ ಪ್ರಮಾಣದಲ್ಲಿ, ಪಳಗಿದ ಕೈಯಲ್ಲಿ ಇದು ಬಹಳ ಅಪರೂಪ. ಕೆರ್ನರ್ ರೋಗಿಗಳಿಗೆ ಇಲ್ಲದಿದ್ದ ಪ್ರತಿವಿಷ, ವೆಂಟಿಲೇಟರ್ ಎರಡೂ ಇಂದು ಇವೆ. ಆದರೆ ಪ್ರತಿವಿಷ ಬೇಗ ಕೊಟ್ಟಷ್ಟೂ ಉಪಯೋಗ ಹೆಚ್ಚು.

ಆರೈಕೆ ಮಾಡುವವರಿಗೆ ಒಂದು ಮಾತು. ಅಮ್ಮನೋ, ಅತ್ತೆಯೋ, ಅಕ್ಕನೋ ಮುಖದ ಸುಕ್ಕಿಗೆ ಚಿಕಿತ್ಸೆ ಬೇಕೆಂದರೆ ನಗಬೇಡಿ. ನಕ್ಕರೆ ಅವರು ನಿಮಗೆ ಹೇಳದೆ ಹೋಗಿ ಮಾಡಿಸಿಕೊಳ್ಳುತ್ತಾರೆ, ತೊಂದರೆಯಾದಾಗಲೂ ಮುಚ್ಚಿಡುತ್ತಾರೆ. ಜೊತೆಗೆ ಹೋಗಿ. ಚೀಟಿ ಜೋಪಾನವಾಗಿಡಿ. ಮೊದಲ ಎರಡು ವಾರ ಅವರ ಕಣ್ಣು, ದನಿ, ನುಂಗುವಿಕೆ ಹೇಗಿದೆ ಎಂದು ಗಮನಿಸಿ, ದಿನಾಂಕ ಹಾಕಿ ಬರೆದಿಡಿ. ವೈನ್ಸ್‌ಬರ್ಗ್‌ನ ವೈದ್ಯರು ತಮ್ಮ ರೋಗಿಗಳ ಹಾಸಿಗೆಯ ಪಕ್ಕ ಕುಳಿತು ಮಾಡಿದ್ದೂ ಇದನ್ನೇ.